ಕಿರುಬಾಗಿಲಿಗೆ ಹಿಡಿಸುವ ಮೈ

ಬಾಟಲಿಯ ಮೇಲೆ ಒಂದು ಚಿತ್ರವಿದೆ. ಸಿಮೆಂಟಿನ ಗೋಡೆ, ಅದರಲ್ಲೊಂದು ಪುಟ್ಟ ಕಬ್ಬಿಣದ ಬಾಗಿಲು. ಕೆಳಗೆ ಬಂಗಾರದ ಅಕ್ಷರಗಳಲ್ಲಿ ವೈನಿನ ಹೆಸರು: ಕಿರುಬಾಗಿಲು. ಅದರ ಕೆಳಗೆ ಸಣ್ಣಗೆ ಹೀಗೆ ಬರೆದಿದೆ: 'ಮೂರು ತಲೆಮಾರು, ಒಂದೇ ಕುಟುಂಬದ ಕೈಗಳಿಂದ.'

ಕುಟುಂಬದ ಕೈಗಳಂತೆ. ಆ ಕೈಗಳನ್ನು ಕಡ್ಡಿ ಚೆನ್ನಾಗಿ ಬಲ್ಲಳು. ಯಜಮಾನಿಯ ಕೈ ದ್ರಾಕ್ಷಿ ಗೊಂಚಲನ್ನು ಮುಟ್ಟುವುದು ಫೋಟೋ ತೆಗೆಯುವವನು ಬಂದಾಗ ಮಾತ್ರ. ಅವಳ ಮಗ ಚಿಕ್ಕ ಯಜಮಾನ ಗ್ಲಾಸಿನ ಕಾಲನ್ನು ಎರಡು ಬೆರಳಲ್ಲಿ ಹಿಡಿದು ಗಿರಗಿರ ತಿರುಗಿಸುತ್ತಾನೆ, ಮೂಗು ತೂರಿಸುತ್ತಾನೆ, ಬಾಯಿ ಮುಕ್ಕಳಿಸಿ ಉಗುಳುತ್ತಾನೆ. ಅವನ ದುಡಿಮೆ ಅಷ್ಟೇ. ಅವನ ಹೆಂಡತಿಯ ಉಗುರಿಗೆ ವೈನಿನದೇ ಬಣ್ಣ. ಕಡ್ಡಿಯ ಕೈಗೂ ಅದೇ ಬಣ್ಣವಿದೆ, ಅವಳದು ಉಜ್ಜಿದರೂ ಹೋಗುವುದಿಲ್ಲ.

ಕಡ್ಡಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕೂಲಿಗೆ ಬಂದ ಮೊದಲ ವರ್ಷ ಅವಳ ಮೈಕಟ್ಟು ನೋಡಿ ಮೇಸ್ತ್ರಿ ಕರೆದದ್ದು. ಆಮೇಲೆ ಮದುವೆಯಾಯಿತು, ಮಗಳು ಹುಟ್ಟಿದಳು, ಗಂಡ ಎಂಬ ಮಹಾಶಯ ಒಂದು ದಿನ ಲಾರಿ ಹತ್ತಿ ನಾಪತ್ತೆಯಾದ. ಅವಳ ಸೊಂಟ ಅಗಲವಾಯಿತು, ತೋಳು ದಪ್ಪವಾಯಿತು, ಹೆಸರು ಮಾತ್ರ ಕಡ್ಡಿಯಾಗಿಯೇ ಉಳಿಯಿತು. ಇಂಥ ನಾಲ್ಕು ಕಡ್ಡಿ ಇದ್ದರೆ ದ್ರಾಕ್ಷಿ ಚಪ್ಪರಕ್ಕೆ ಬೇರೆ ಕಂಬವೇ ಬೇಡ ಎಂದು ಕೂಲಿಯವರ ಸಾಲುಮನೆಯ ಹೆಂಗಸರು ನಗುತ್ತಿದ್ದರು. ಕಡ್ಡಿಯೂ ನಗುತ್ತಿದ್ದಳು. ಆಗ ನಗುವ ಕಾಲವಿತ್ತು.

ವೈನು ಮಾಡುವುದು ದೊಡ್ಡ ವಿದ್ಯೆ ಎಂದು ಚಿಕ್ಕ ಯಜಮಾನ ಅತಿಥಿಗಳ ಕಿವಿ ತೂತಾಗುವಂತೆ ಕೊರೆಯುತ್ತಾನೆ. ಒಂದು ಭಾಗವನ್ನು ಮಾತ್ರ ಹೇಳದೆ ನುಂಗುತ್ತಾನೆ. ಕೆಂಪು ವೈನಿಗೆ ದ್ರಾಕ್ಷಿಯನ್ನು ಸಿಪ್ಪೆ ಸಮೇತ ತೊಟ್ಟಿಗೆ ಸುರಿಯುತ್ತಾರೆ. ಅದು ಹುದುಗುತ್ತದೆ, ನೊರೆ ಉಕ್ಕಿಸುತ್ತದೆ. ಹುದುಗು ಇಳಿದ ಮೇಲೆ ರಸವನ್ನು ಕೊಳವೆಯಲ್ಲಿ ಬಸಿದುಕೊಳ್ಳುತ್ತಾರೆ. ಸಿಪ್ಪೆ ಬೀಜಗಳ ಗಸಿ ತೊಟ್ಟಿಯೊಳಗೇ ಉಳಿಯುತ್ತದೆ. ಅದರಲ್ಲಿ ಇನ್ನೂ ರಸವಿರುತ್ತದೆ, ಅದನ್ನು ಹೊರಗೆ ತಂದು ಹಿಂಡಬೇಕು. ತರಬೇಕೆಂದರೆ ಯಾರಾದರೂ ಒಳಗೆ ಇಳಿಯಲೇಬೇಕು.

ತೊಟ್ಟಿಗಳನ್ನು ಕಟ್ಟಿಸಿದ್ದು ಯಜಮಾನಿಯ ಮಾವ. ನೆಲಮಾಳಿಗೆಯಲ್ಲಿ ಅರ್ಧ ನೆಲದೊಳಗೆ ಹೂತ ಸಿಮೆಂಟಿನ ತೊಟ್ಟಿಗಳು. ಮೇಲೆ ದ್ರಾಕ್ಷಿ ಸುರಿಯಲು ಗೇಣಗಲದ ತೂತು, ಹೊರಗಿನ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಒಂದೊಂದು ಬಾಗಿಲು. ಬಾಗಿಲಿಂದ ಒಳಗಿನ ತಳ ಆಳೆತ್ತರ ಕೆಳಗೆ. ಆ ಬಾಗಿಲು ಕೊಳವೆ ತೂರಿಸಲು ಮಾಡಿದ್ದೇ ಹೊರತು ಮನುಷ್ಯರಿಗಲ್ಲ. ಗಂಡಸರ ಭುಜ ಅದರಲ್ಲಿ ಹಿಡಿಸದು. ಸಪೂರ ಹೆಣ್ಣಾದರೆ ಹಿಡಿಸುತ್ತಾಳೆ ಎಂದು ಅದ್ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನ ಬಾಯಿಗೆ ಮಣ್ಣು ಬೀಳಲಿ. ಬಾಗಿಲನ್ನು ಅಗಲ ಮಾಡುವುದು ಗಾರೆಯವನಿಗೆ ಒಂದು ಹೊತ್ತಿನ ಕೆಲಸ. ಆದರೆ ಬಾಗಿಲು ಬಾಟಲಿಯ ಮೇಲಿದೆ. ಬಾಗಿಲು ಅವರ ಮನೆತನ. ಅದಕ್ಕೆ ಮೈಯನ್ನೇ ಬಾಗಿಲಿಗೆ ಹೊಂದಿಸಬೇಕು.

ಹಾಗೆ ಹೊಂದಿದ ಮೈ ಮೊದಲು ಕಡ್ಡಿಯದು. ಹೊಟ್ಟೆ ಅಡಿ ಮಾಡಿ ಮಲಗಿ, ಕಾಲನ್ನು ಮೊದಲು ತೂರಿಸಿ, ಹಿಂದಹಿಂದಕ್ಕೆ ಜಾರಬೇಕು. ಒಳಗೆ ತೊಡೆವರೆಗೆ ಬಿಸಿಬಿಸಿ ಗಸಿ. ತಂತಿಗೆ ತೂಗುಬಿಟ್ಟ ಒಂದು ಬಲ್ಬು. ಸಲಿಕೆಯಲ್ಲಿ ಬಾಚು, ಬುಟ್ಟಿಗೆ ತುಂಬು, ತಲೆಮೇಲೆ ಎತ್ತಿ ಬಾಗಿಲಿಗೆ ಕೊಡು. ಮತ್ತೆ ಬಾಚು. ಬೆವರು ಕಣ್ಣಿಗಿಳಿದರೆ ಒರೆಸಿಕೊಳ್ಳಲು ಗಸಿ ಮೆತ್ತದ ಕೈಯೇ ಇರುವುದಿಲ್ಲ. ಕೂದಲಲ್ಲಿ ಬೀಜ, ಕಿವಿಯಲ್ಲಿ ಬೀಜ. ಹೊರಬಂದಾಗ ಅಡಿಯಿಂದ ಮುಡಿವರೆಗೆ ನೇರಳೆ ಬಣ್ಣ. ಹಾಗೆ ಬಂದವಳು ಅತಿಥಿಗಳ ಕಣ್ಣಿಗೆ ಬೀಳಬಾರದು, ಹಿಂದಿನ ಬಾಗಿಲಿನಿಂದ ಹೋಗಿ ಟ್ರ್ಯಾಕ್ಟರ್ ತೊಳೆಯುವ ಕೊಳಾಯಿಯಲ್ಲಿ ಮೈ ತೊಳೆಯಬೇಕು. ಅತಿಥಿಗಳು ರುಚಿ ನೋಡುವ ಹಜಾರಕ್ಕಂತೂ ಕೂಲಿಯವರು ಕಾಲಿಡುವಂತಿಲ್ಲ. ಅವರ ಮೈನಾತ ವೈನಿನ ಪರಿಮಳಕ್ಕೆ ಅಡ್ಡ ಬರುತ್ತದಂತೆ. ಆ ವೈನಿನಲ್ಲೇ ಇವರ ಮೈ ಇಡೀ ದಿನ ಮುಳುಗಿ ಎದ್ದಿರುತ್ತದೆ, ಅದಕ್ಕೆ ಅಡ್ಡಿಯಿಲ್ಲ!

ಕಡ್ಡಿಯ ಸೊಂಟ ಅಗಲವಾದ ಮೇಲೆ ಬಾಗಿಲು ಅವಳ ತಂಗಿಗೆ ಬಂತು. ತಂಗಿ ಮದುವೆಯಾಗದೆ ಅಕ್ಕನ ಜೊತೆಗೇ ಇದ್ದವಳು, ಅಕ್ಕನ ಮಗಳನ್ನು ಎತ್ತಿ ಆಡಿಸಿದವಳು. ಬಾಯಿಬಡಕಿ. ಒಳಗಿನಿಂದಲೂ ಮಾತು ನಿಲ್ಲಿಸುತ್ತಿರಲಿಲ್ಲ. ದೊರೆಗಳು ಕುಡಿಯುವ ಬಾಟಲಿಗೆ ನನ್ನ ಪಾದದ ಬೆವರು ಪುಕ್ಕಟೆ ಎಂದು ತೊಟ್ಟಿಯೊಳಗಿಂದ ಕೂಗಿ ಹೊರಗಿದ್ದವರನ್ನು ನಗಿಸುತ್ತಿದ್ದಳು.

ಒಂದು ರೂಢಿ ಮಾತ್ರ ತೊಟ್ಟಿ ಕಟ್ಟಿಸಿದ ಮುದುಕ ಯಜಮಾನನ ಕಾಲದಿಂದ ತಪ್ಪದೆ ನಡೆದುಬಂದಿತ್ತು. ದ್ರಾಕ್ಷಿ ಹುದುಗುವಾಗ ಒಂದು ಕೆಟ್ಟ ಗಾಳಿ ಹುಟ್ಟುತ್ತದೆ. ಬಣ್ಣವಿಲ್ಲದ್ದು, ಭಾರದ್ದು, ತೊಟ್ಟಿಯ ತಳದಲ್ಲಿ ನೀರಿನಂತೆ ನಿಲ್ಲುವಂಥದ್ದು. ಅದನ್ನು ಉಸಿರಾಡಿದವರು ಕೂಗುವ ಮೊದಲೇ ಬೀಳುತ್ತಾರೆ. ಹಾಗಾಗಿ ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ತಗಡಿನ ಡಬ್ಬ, ಅದರಲ್ಲಿ ಮೇಣದ ಬತ್ತಿ. ಹಚ್ಚಿ, ತಂತಿಯಲ್ಲಿ ಕಟ್ಟಿ ಒಳಗೆ ಇಳಿಸಬೇಕು. ಬತ್ತಿ ಉರಿದರೆ ಇಳಿಯಬಹುದು. ಬತ್ತಿ ಸತ್ತರೆ ಕಾಯಬೇಕು, ಫ್ಯಾನು ಹಾಕಿ ಗಾಳಿ ತೆಗೆಯಬೇಕು. ಇದು ಸಾಲುಮನೆಯ ಮಕ್ಕಳಿಗೂ ಗೊತ್ತಿದ್ದ ಸಂಗತಿ.

ಹೋದ ಕೊಯ್ಲಿನಲ್ಲಿ ಮೇಸ್ತ್ರಿ ರೂಢಿಯಂತೆ ಡಬ್ಬಕ್ಕೆ ಕೈ ಹಾಕಿದ. ಚಿಕ್ಕ ಯಜಮಾನ ತಡೆದ. ಪರದೇಶಕ್ಕೆ ಹೋಗಿ ವೈನು ಓದಿಬಂದವನು ಅವನು. ಮೇಲಿನ ಹಜಾರದಲ್ಲಿ ಆಗಲೇ ಅತಿಥಿಗಳು ಕೂತಿದ್ದರು.

"ಮೇಣದ ಹೊಗೆ ಬೇಡ. ವಾಸನೆ ವೈನಿಗೆ ಹತ್ತುತ್ತೆ," ಅಂದ. "ಗಾಳಿ ಅಳೆಯೋ ಮೀಟರ್ ತರಿಸ್ತಿದೀನಿ. ಇವತ್ತೊಂದಿನ ಹಾಗೇ ಇಳೀಲಿ."

ಮೀಟರ್ ಇವತ್ತಿಗೂ ಬಂದಿಲ್ಲ. ಅದೇ ದೇಶದಿಂದ ತರಿಸಿದ ಹೊಸ ಗ್ಲಾಸುಗಳು ಮಾತ್ರ ಒಂದೂ ಒಡೆಯದೆ ಬಂದಿಳಿದವು.

ತಂಗಿ ಇಳಿದಳು. ಮೊದಲ ಬುಟ್ಟಿ ಬಂತು. ಇನ್ನೊಂದು ಬಂತು. ಬುಟ್ಟಿ ತೆಗೆದುಕೊಳ್ಳುತ್ತಿದ್ದವಳು ಕಡ್ಡಿಯೇ. ಆಮೇಲೆ ಬುಟ್ಟಿ ಬರಲಿಲ್ಲ. ಮಾತೂ ಬರಲಿಲ್ಲ. ಬಾಯಿಬಡಕಿ ಸುಮ್ಮನಾದಳೆಂದರೆ ಏನೋ ಆಗಿದೆ ಎಂದು ಕಡ್ಡಿಗೆ ತಕ್ಷಣ ಗೊತ್ತಾಯಿತು. ಕರೆದಳು. ಬೈದು ಕರೆದಳು. ಬಗ್ಗಿ ನೋಡಿದರೆ ಬಲ್ಬಿನ ಕೆಳಗೆ ತಂಗಿಯ ಬೆನ್ನು ಕಾಣುತ್ತಿತ್ತು, ಮುಖ ಗಸಿಯಲ್ಲಿತ್ತು.

ಕಡ್ಡಿ ಮಲಗಿ ಕಾಲು ತೂರಿಸಿದಳು. ಸೊಂಟ ಸಿಕ್ಕಿಕೊಂಡಿತು. ತಳ್ಳಿದಳು. ಸಿಮೆಂಟಿನ ಅಂಚಿಗೆ ಚರ್ಮ ಸುಲಿಯಿತು, ರಕ್ತ ಬಂತು, ಸೊಂಟ ಒಂದು ಬೆರಳಿನಷ್ಟೂ ಒಳಗೆ ಹೋಗಲಿಲ್ಲ. ಮೇಸ್ತ್ರಿ ಅವಳನ್ನು ಎಳೆದು ಪಕ್ಕಕ್ಕೆ ಹಾಕಿ ದೊಡ್ಡ ಸುತ್ತಿಗೆ ತಂದ. ಬಾಗಿಲ ಅಂಚು ಒಡೆದರೆ ಯಾರಾದರೂ ಇಳಿಯಬಹುದಿತ್ತು. ಸುತ್ತಿಗೆ ಎತ್ತಿದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಯಜಮಾನಿಯ ದನಿ ಬಂತು.

"ಅಯ್ಯೋ, ಬಾಗಿಲು ಒಡೀಬೇಡ್ರೋ. ಮಾವನವರು ಕಟ್ಟಿಸಿದ್ದು. ಕೊಕ್ಕೆ ಹಾಕಿ ಎಳೀರಿ."

ಎತ್ತಿದ ಸುತ್ತಿಗೆಯನ್ನು ಮೇಸ್ತ್ರಿ ಇಳಿಸಿದ. ಅವನ ಜನ್ಮಕ್ಕಿಷ್ಟು. ಹೋಗಿ ಕೊಕ್ಕೆ ಹುಡುಕಿ ತಂದ. ಗಸಿ ಎಳೆಯುವ ಕೊಕ್ಕೆ. ಅದರಲ್ಲೇ ತಂಗಿಯನ್ನೂ ಎಳೆದರು. ಬಟ್ಟೆಗೆ ಸಿಕ್ಕಿಸಿ, ಕಂಕುಳಿಗೆ ಸಿಕ್ಕಿಸಿ, ಜಗ್ಗಿ, ಬಾಗಿಲಿಗೆ ತಂದು, ತಲೆ ಮೊದಲು ಹೊರಗೆ ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಿಗೆ ಒಂದು ಗೀರೂ ಬೀಳಲಿಲ್ಲ.

ವಿಚಾರಿಸಲು ಬಂದ ಅಧಿಕಾರಿಗೆ ಚಿಕ್ಕ ಯಜಮಾನ, ಅವಳ ಹೃದಯ ಮೊದಲೇ ದುರ್ಬಲವಾಗಿತ್ತು ಅಂದ. ಅಧಿಕಾರಿಯ ಕೈಯಲ್ಲಿ ಗ್ಲಾಸಿತ್ತು, ತಲೆಯಾಡಿಸಿದ. ತೊಟ್ಟಿಯಲ್ಲಿ ಉಳಿದ ಗಸಿಯನ್ನು ಅವತ್ತೇ ಸಂಜೆ ಕೊಕ್ಕೆಗೆ ಸಿಕ್ಕಷ್ಟು ಎಳೆದು ಹಿಂಡಿದರು. ಬಿಟ್ಟರೆ ಹುಳಿಯಾಗುತ್ತದಲ್ಲ. ಆ ವರ್ಷದ ಕಿರುಬಾಗಿಲಿಗೆ ಮುಂದೆ ಪದಕವೂ ಬಂತು. ರುಚಿಯಲ್ಲಿ ಏನೋ ಆಳವಿದೆ ಅಂದರಂತೆ ತೀರ್ಪುಗಾರರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು.

ಇಷ್ಟಾದರೂ ಕಡ್ಡಿ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಅವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ತಂಗಿಯನ್ನು ಮಣ್ಣು ಮಾಡಿದ ದಿನ.

ಯಜಮಾನಿ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದಳು. ನೀವೆಲ್ಲ ಬೇರೆಯಲ್ಲ, ನಮ್ಮ ಮನೆಯವರೇ ಅಂದಳು. ಕಡ್ಡಿಯ ಮಗಳನ್ನು ಹತ್ತಿರ ಕರೆದಳು. ಹದಿನೆಂಟು ತುಂಬಿದ ಹುಡುಗಿ, ಸಾಲುಮನೆಯಲ್ಲಿ ಎಲ್ಲರಿಗೂ ಗುಬ್ಬಿ. ಚಿಕ್ಕಮ್ಮನಿಗಾಗಿ ಅತ್ತು ಅತ್ತು ಕಣ್ಣು ಊದಿತ್ತು. ಯಜಮಾನಿ ಅವಳನ್ನು ತಬ್ಬಿದಳು. ತಬ್ಬಿದ ಕೈ ಬೆನ್ನಿನಿಂದ ಕೆಳಗಿಳಿಯಿತು. ಎರಡು ಅಂಗೈ ಹುಡುಗಿಯ ಸೊಂಟದ ಎರಡು ಕಡೆ ಕೂತವು, ಒಂದಿಷ್ಟು ಒತ್ತಿದವು, ಅಲ್ಲೇ ನಿಂತವು. ಸಂತೆಯಲ್ಲಿ ಕೋಳಿ ಕೊಳ್ಳುವವರು ರೆಕ್ಕೆ ಎತ್ತಿ ನೋಡುವ ಹಾಗೆ.

"ಪಾಪ, ಚಿಕ್ಕಮ್ಮನ ಮೈಕಟ್ಟೇ ಬಂದಿದೆ ಇವಳಿಗೆ," ಅಂದಳು ಮಗನ ಕಡೆ ತಿರುಗಿ.

ಮಣ್ಣು ಇನ್ನೂ ಹಸಿಯಾಗಿತ್ತು. ಕಡ್ಡಿಯ ಉಗುರಿನಲ್ಲೂ ಅದೇ ಮಣ್ಣಿತ್ತು. ಮುಂದಿನ ಕೊಯ್ಲಿಗೆ ಬಾಗಿಲು ಯಾರ ಪಾಲಿಗೆ ಎಂದು ಅವಳಿಗೆ ಅಲ್ಲೇ ತಿಳಿಯಿತು.

ಬಿಟ್ಟು ಹೋಗಬಹುದಿತ್ತಲ್ಲ ಎನ್ನುವವರು ಇರುತ್ತಾರೆ. ಬೆಚ್ಚಗೆ ಕೂತು ಹೇಳುವವರಿಗೆ ಏನಂತೆ. ಮನೆ ತೋಟದವರದು. ಸುತ್ತಲಿನ ತೋಟಗಳೂ ಇವರ ನೆಂಟರದೇ, ಇಲ್ಲಿ ಬೇಡವಾದವಳನ್ನು ಅಲ್ಲಿ ಯಾರೂ ಸೇರಿಸುವುದಿಲ್ಲ. ಒಲ್ಲೆ ಎಂದು ಬಾಯಿಬಿಟ್ಟರೆ ಮರುದಿನವೇ ಪಾತ್ರೆಪಗಡ ಬೀದಿಗೆ. ಕಡ್ಡಿ ಕೂತು ಯೋಚಿಸಿದಳು. ಸುಲಿದ ಸೊಂಟ ಇನ್ನೂ ಉರಿಯುತ್ತಿತ್ತು. ಉರಿಯುತ್ತಿದ್ದ ಸೊಂಟವೇ ಅವಳಿಗೆ ದಾರಿ ತೋರಿಸಿತು. ಮಗಳ ಬಾಯಿ ಒಲ್ಲೆ ಅನ್ನುವುದು ಬೇಡ. ಅವಳ ಸೊಂಟವೇ ಒಲ್ಲೆ ಅನ್ನಲಿ.

ಅವತ್ತಿನಿಂದ ತಿನ್ನಿಸುವ ಕೆಲಸ ಶುರುವಾಯಿತು. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಆಲೂಗಡ್ಡೆ, ಸಂಜೆ ಕಡಲೆಬೀಜ, ಮಲಗುವ ಮುಂಚೆ ಹಾಲು. ಮನೆಯಲ್ಲಿ ಅಷ್ಟೆಲ್ಲ ಎಲ್ಲಿಂದ ಬರಬೇಕು? ಕಡ್ಡಿ ತನ್ನ ತಟ್ಟೆಯಿಂದ ಎತ್ತಿ ಮಗಳ ತಟ್ಟೆಗೆ ಹಾಕಿದಳು. ನನಗೆ ಹಸಿವಿಲ್ಲ ಅಂದಳು. ಹೊಟ್ಟೆ ಸರಿಯಿಲ್ಲ ಅಂದಳು. ಸುಳ್ಳು ಹೇಳುವುದರಲ್ಲಿ ತಾಯಂದಿರನ್ನು ಮೀರಿಸಿದವರುಂಟೆ. ಸಾಲುಮನೆಯ ಹೆಂಗಸರಿಗೆ ಗುಟ್ಟು ತಿಳಿಯಿತು. ಕೋಳಿ ಸಾಕಿದ್ದವಳು ಮೊಟ್ಟೆ ತಂದಳು, ಮೇಕೆ ಇದ್ದವಳು ಹಾಲು ತಂದಳು. ಯಾರೂ ಏನೂ ಕೇಳಲಿಲ್ಲ. ಅವರ ಮನೆಗಳಲ್ಲೂ ಸಣ್ಣ ಮೈಯ ಹೆಣ್ಣುಮಕ್ಕಳಿದ್ದರು.

ಗುಬ್ಬಿಗೆ ಮಾತ್ರ ಇದು ಸುತರಾಂ ಬೇಡ. ಅವಳಿಗೆ ತನ್ನ ಸಣ್ಣ ಸೊಂಟದ ಮೇಲೆ ಪ್ರೀತಿ. ಇದ್ದದ್ದು ಎರಡು ಒಳ್ಳೆಯ ಅಂಗಿ, ಎರಡೂ ಬಿಗಿಯಾಗಿ ಹೊಲಿಗೆ ಬಿಟ್ಟವು. ತಟ್ಟೆ ದೂರ ತಳ್ಳಿ, ನನ್ನನ್ನೇನು ಸಂತೆಯಲ್ಲಿ ತೂಕಕ್ಕೆ ಮಾರ್ತೀಯಾ ಎಂದು ಅಮ್ಮನ ಮೇಲೆ ರೇಗಿದಳು. ಒಂದು ದಿನದ ಕೆಲಸಕ್ಕೆ ಇಷ್ಟೆಲ್ಲ ಯಾಕೆ, ಇಳಿದು ಬಂದರಾಯಿತು ಎಂದೂ ಅಂದುಬಿಟ್ಟಳು.

ಆಗ ಕಡ್ಡಿ ಬಟ್ಟೆ ಸರಿಸಿ ತನ್ನ ಸೊಂಟ ತೋರಿಸಿದಳು. ಗಾಯ ಮಾಗಿ ಕಪ್ಪುಗಟ್ಟಿತ್ತು.

"ನಿನ್ನ ಚಿಕ್ಕಮ್ಮನ್ನ ತರೋಕೆ ಹೋದೆ. ಇಲ್ಲಿ ಸಿಕ್ಕಿಕೊಂಡೆ. ಸಿಕ್ಕಿಕೊಂಡಿದ್ದಕ್ಕೆ ಬದುಕಿದೀನಿ, ಹಿಡಿಸಿದ್ದಕ್ಕೆ ಅವಳು ಸತ್ತಳು. ಈಗ ನೀನು ತಿಂತೀಯೋ ಇಲ್ವೋ?"

ಗುಬ್ಬಿ ಆ ಕಲೆಯನ್ನು ನೋಡುತ್ತ ಕೂತಳು. ಆಮೇಲೆ ತಟ್ಟೆ ಎಳೆದುಕೊಂಡು ಅಳುತ್ತಳುತ್ತ ತಿಂದಳು. ಮತ್ತೆಂದೂ ಬೇಡ ಅನ್ನಲಿಲ್ಲ.

ಹುಡುಗಿ ತುಂಬಿಕೊಂಡಳು. ಕೆನ್ನೆ ತುಂಬಿತು, ಸೊಂಟ ಹರಡಿತು. ಅಮ್ಮನ ಹಳೆಯ ದೊಗಲೆ ಬಟ್ಟೆ ಹಾಕಿಕೊಂಡು ಓಡಾಡಿದಳು. ಬಂಗಲೆಯವರು ಕೂಲಿಯವರ ಮುಖ ನೋಡಿ ಮಾತಾಡಿದ್ದೇ ಅಪರೂಪ, ಅವರಿಗೇನು ತಿಳಿದೀತು. ಮೇಸ್ತ್ರಿಗೆ ತಿಳಿದಿತ್ತು. ಒಮ್ಮೆ ಗುಬ್ಬಿಯನ್ನು ಮೇಲಿಂದ ಕೆಳಗೆ ನೋಡಿದ, ಕಡ್ಡಿಯನ್ನು ನೋಡಿದ, ಬೀಡಿ ಹಚ್ಚಿ ಬೇರೆ ಕಡೆ ತಿರುಗಿದ. ಹೋದ ವರ್ಷ ಇಳಿಸಿದ ಸುತ್ತಿಗೆ ಅವನ ತಲೆಯಲ್ಲಿ ಇನ್ನೂ ಇಳಿದಿರಲಿಲ್ಲ ಎಂದು ಕಾಣುತ್ತದೆ.

ಅತ್ತ ಬಂಗಲೆಯಲ್ಲಿ ಸೊಸೆ ಒಣಗುತ್ತಿದ್ದಳು. ಎರಡು ಎಲೆ, ಅರ್ಧ ಹಣ್ಣು ತಿಂದು ಮೇಲೇಳುತ್ತಾಳೆ, ಉಳಿದದ್ದು ನಾಯಿಗೆ ಎಂದು ಅಡುಗೆಯವಳು ಸಾಲುಮನೆಯಲ್ಲಿ ಬಂದು ಹೇಳುತ್ತಿದ್ದಳು. ಇಲ್ಲದೆ ಒಣಗುವುದು ಬಡವರ ಪಾಡು, ಇದ್ದೂ ಒಣಗುವುದು ಸಿರಿವಂತರ ಶೋಕಿ. ಆ ಸೊಸೆಯದೊಂದು ದೊಡ್ಡ ಫೋಟೋ ರುಚಿ ನೋಡುವ ಹಜಾರದ ಗೋಡೆಯ ಮೇಲಿತ್ತು, ಪದಕದ ಪಕ್ಕದಲ್ಲೇ. ಬಿಳಿ ಉಡುಪು ಹಾಕಿಕೊಂಡು, ಬರಿಗಾಲಲ್ಲಿ, ತೊಳೆದ ಸಲಿಕೆ ಹಿಡಿದು ಕಿರುಬಾಗಿಲಿನ ಅಂಚಿನಲ್ಲಿ ಕೂತ ಫೋಟೋ. ಈ ಬಾಗಿಲಿನಲ್ಲಿ ಇಳಿಯುವುದು ನಮ್ಮ ಮನೆಯ ಹೆಣ್ಣುಮಕ್ಕಳ ಹೆಮ್ಮೆ ಎಂದು ಅವಳು ಅತಿಥಿಗಳಿಗೆ ಹೇಳುವುದನ್ನು ಗ್ಲಾಸು ತೊಳೆಯುವವಳು ಎಷ್ಟೋ ಸಲ ಕೇಳಿದ್ದಳು. ನಾಚಿಕೆ ಎಂಬುದು ಅಂಗಡಿಯಲ್ಲಿ ಸಿಗುವ ವಸ್ತುವಾಗಿದ್ದರೆ ಅದನ್ನೂ ತರಿಸಿಕೊಳ್ಳುತ್ತಿದ್ದರೋ ಏನೋ.

ಕೊಯ್ಲು ಬಂತು. ದ್ರಾಕ್ಷಿ ತೊಟ್ಟಿ ಸೇರಿ ಹುದುಗಿತು, ರಸ ಬಸಿದಾಯಿತು. ಪದಕ ಬಂದ ವರ್ಷವಾದ್ದರಿಂದ ಈ ಸಲ ಯಜಮಾನಿ ಅತಿಥಿಗಳನ್ನು ನೆಲಮಾಳಿಗೆಗೇ ಕರೆತಂದಳು. ಬಾಗಿಲು ತೆರೆಯುವುದನ್ನು ಅವರು ಕಣ್ಣಾರೆ ನೋಡಬೇಕಂತೆ. ಎಲ್ಲರ ಕೈಯಲ್ಲೂ ಗ್ಲಾಸು, ಗ್ಲಾಸಿನಲ್ಲಿ ಹೋದ ವರ್ಷದ ಕಿರುಬಾಗಿಲು. ವೈನಿನ ಬಗ್ಗೆ ಪತ್ರಿಕೆಗೆ ಬರೆಯುವ ಬೋಳುತಲೆಯವನೊಬ್ಬ ಮುಂದೆ ನಿಂತಿದ್ದ. ಕ್ಯಾಮೆರಾಗಳಿದ್ದವು. ಸಾಲುಮನೆಯ ಹೆಂಗಸರು ಬುಟ್ಟಿ ಹಿಡಿದು ಗೋಡೆಗೆ ಒತ್ತಿ ನಿಂತಿದ್ದರು. ಒಗೆದ ಬಟ್ಟೆ ಹಾಕಿಕೊಂಡು ಬರಬೇಕು, ಯಾರಾದರೂ ಕೇಳಿದರೆ ನಾವೆಲ್ಲ ಒಂದೇ ಮನೆಯವರಿದ್ದಂತೆ ಅನ್ನಬೇಕು ಎಂದು ಅವರಿಗೆ ಅಪ್ಪಣೆಯಾಗಿತ್ತು.

ಮೇಸ್ತ್ರಿ ಬಾಗಿಲ ತಿರುಪು ಬಿಚ್ಚಿದ. ಹುಳಿಹುಳಿ ವಾಸನೆ ಹೊರಗೆ ಬಂತು. ಅತಿಥಿಗಳು ಕಣ್ಣು ಮುಚ್ಚಿ ಆಹಾ ಅಂದರು. ಗೂಡಿನಲ್ಲಿ ಬತ್ತಿಯ ಡಬ್ಬ ದೂಳು ಹಿಡಿದು ಕೂತಿತ್ತು. ಮೇಸ್ತ್ರಿ ಅದರ ಕಡೆ ನೋಡಿದ, ಆಮೇಲೆ ಚಿಕ್ಕ ಯಜಮಾನನ ಕಡೆ ನೋಡಿದ. ಚಿಕ್ಕ ಯಜಮಾನ ಬೇಡ ಎಂದು ತಲೆಯಾಡಿಸಿದ.

ಗುಬ್ಬಿಯನ್ನು ಕರೆದರು. ಅವಳು ಬಂದು ಹೊಟ್ಟೆ ಅಡಿ ಮಾಡಿ ಕಾಲು ತೂರಿಸಿದಳು. ಕಡ್ಡಿ ಪಕ್ಕದಲ್ಲೇ ನಿಂತು ಮಗಳ ಎರಡೂ ಕೈ ಹಿಡಿದಿದ್ದಳು. ಮೆಲ್ಲಗೆ ಇಳಿಸಲು ಎಂದು ನೋಡಿದವರು ತಿಳಿದಿರಬೇಕು. ಆ ಹಿಡಿತವನ್ನು ಬಿಡಿಸಲು ಎತ್ತು ಕಟ್ಟಿ ಎಳೆದರೂ ಆಗುತ್ತಿರಲಿಲ್ಲ. ಮೊಣಕಾಲು ಹೋಯಿತು. ತೊಡೆ ಹೋಯಿತು. ಸೊಂಟ ನಿಂತಿತು.

ಗುಬ್ಬಿ ಒದ್ದಾಡಿದಂತೆ ಮಾಡಿದಳು. ಸೊಂಟ ಬಂಡೆಯ ಹಾಗೆ ನಿಂತಿತ್ತು. ಅತಿಥಿಗಳು ನಕ್ಕರು. ಸೊಸೆಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಷ್ಟು ಜನರೆದುರು ಅರ್ಧ ಒಳಗೆ ಅರ್ಧ ಹೊರಗೆ ನೇತಾಡುತ್ತಿದ್ದ ಹುಡುಗಿಯ ಮುಖ ಅವಮಾನದಿಂದ ಕೆಂಪಾಯಿತು. ಕಡ್ಡಿಗೆ ಮಾತ್ರ ಆ ಗಳಿಗೆಯಲ್ಲಿ ಕುಣಿಯುವಷ್ಟು ಸಂತೋಷವಾಯಿತು. ನಗಲಿ, ಹೊಟ್ಟೆ ಹಿಡಿದುಕೊಂಡು ನಗಲಿ. ಮಗಳನ್ನು ಹೊರಗೆ ಎಳೆದು ತನ್ನ ಹಿಂದೆ ನಿಲ್ಲಿಸಿಕೊಂಡಳು.

ಯಜಮಾನಿ ಮುಖದ ನಗು ಕೆಡಿಸಿಕೊಳ್ಳದೆ ಹತ್ತಿರ ಬಂದು ಹಲ್ಲು ಕಚ್ಚಿ, ಏನು ತಿನ್ನಿಸಿದೀಯೇ ಇವಳಿಗೆ ಅಂದಳು. ಅಂದವಳು ಕಡ್ಡಿಯನ್ನು ನೋಡಿದಳು. ಈ ವರ್ಷದಲ್ಲಿ ಮೊದಲ ಸಲ ನೋಡಿದಳು. ಕಣ್ಣು ಕಡ್ಡಿಯ ಕತ್ತಿನ ಮೂಳೆಯಿಂದ ತೋಳಿಗೆ, ತೋಳಿನಿಂದ ಸೊಂಟಕ್ಕೆ ಇಳಿಯಿತು. ಆಮೇಲೆ ಆ ಮುಖ ಅರಳಿತು.

"ಅಯ್ಯೋ, ನೀನೇ ಎಷ್ಟು ಇಳಿದುಹೋಗಿದೀಯಾ! ಮತ್ತೆ ಕಡ್ಡಿ ಆಗಿದೀಯಲ್ಲೇ. ನೀನೇ ಇಳಿದುಬಿಡು, ಅಭ್ಯಾಸ ಇರೋಳು."

ಕಡ್ಡಿ ತನ್ನ ಕೈ ನೋಡಿಕೊಂಡಳು. ಮಣಿಕಟ್ಟಿನ ಮೂಳೆ ಎದ್ದು ನಿಂತಿತ್ತು. ಸೊಂಟದ ಬಟ್ಟೆಯನ್ನು ಗಂಟಿನ ಮೇಲೆ ಗಂಟು ಹಾಕಿ ಕಟ್ಟಿಕೊಂಡಿದ್ದಳು. ಒಂದು ವರ್ಷ ಮಗಳ ತಟ್ಟೆಯನ್ನೇ ನೋಡಿದವಳು ತನ್ನ ಮೈ ನೋಡಿಕೊಂಡಿರಲಿಲ್ಲ. ಮಗಳನ್ನು ಬಾಗಿಲಿನಿಂದ ತಪ್ಪಿಸಲು ಹೋಗಿ ತನ್ನನ್ನೇ ಬಾಗಿಲಿನ ಅಳತೆಗೆ ಕೆತ್ತಿಕೊಂಡಿದ್ದಳು. ಇವರ ಮನೆ ಹಾಳಾಗ! ಬಡವರು ಹೇಗೆ ಹೊರಳಿದರೂ ಇವರ ಬಾಗಿಲಿಗೇ ಬಂದು ಬೀಳಬೇಕೆ?

ಹಿಂದಿನಿಂದ ಗುಬ್ಬಿ ಅವಳ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಮನೆ ಹೋಗುತ್ತದೆ ಎಂಬುದು ಕಡ್ಡಿಯ ತಲೆಗೆ ಬಂತು. ಬಂದು ಹೋಯಿತು. ಸೊಸೆ ಇನ್ನೂ ನಗುತ್ತಿದ್ದಳು. ಬೆತ್ತದಂಥ ಮೈ, ಹಿಡಿಯಷ್ಟು ಸೊಂಟ. ಕಡ್ಡಿ ಅದನ್ನು ಮೇಲಿಂದ ಕೆಳಗೆ ನೋಡಿದಳು. ಸಂತೆಯಲ್ಲಿ ಕೋಳಿ ನೋಡುವುದನ್ನು ಅವಳು ಯಜಮಾನಿಯಿಂದಲೇ ಕಲಿತಿದ್ದಳು.

"ನಾನು ಇಳಿಯಲ್ಲ," ಅಂದಳು. ದನಿ ತಗ್ಗಿಸಲಿಲ್ಲ. "ನನ್ನ ಮಗಳೂ ಇಳಿಯಲ್ಲ. ನಿಮ್ಮ ಸೊಸೆ ಇಳೀಲಿ ಅಮ್ಮಾವ್ರೇ. ಮೈ ಸರಿಯಾಗಿ ಹಿಡಿಸುತ್ತೆ. ಕುಟುಂಬದ ಕೈ ಅಂತ ಬಾಟಲಿ ಮೇಲೆ ಬರ್ಕೊಂಡಿದೀರಲ್ಲ."

ಯಜಮಾನಿಯ ಬಾಯಿ ತೆರೆದುಕೊಂಡಿತು. ಅವಳು ಬೈಯುವ ಮೊದಲೇ ಅತಿಥಿಗಳು ಚಪ್ಪಾಳೆ ತಟ್ಟಿದರು. ಆ ಮಂಗಗಳಿಗೆ ಇದೂ ಆಟದ ಭಾಗವೆಂದೇ ಅನ್ನಿಸಿತು. ಹಜಾರದಲ್ಲಿ ಫೋಟೋ ನೋಡಿ ಬಂದವರಲ್ಲವೆ, ಸೊಸೆಯೇ ಇಳಿಯಬೇಕು ಎಂದು ಹುರಿದುಂಬಿಸಿದರು. ಬೋಳುತಲೆಯವನು ದಾರಿ ಬಿಟ್ಟು ನಿಂತ. ಕ್ಯಾಮೆರಾಗಳು ತಿರುಗಿದವು. ಹೊಗಳಿಕೆಗೆ ಸೋಲದ ಜೀವವೆಲ್ಲಿದೆ? ಸೊಸೆ ಒಂದೇ ಒಂದು ಫೋಟೋಗೆ ಎಂದು ನಗುತ್ತ ಚಪ್ಪಲಿ ಬಿಟ್ಟಳು. ಬಿಳಿ ಉಡುಪು ಎತ್ತಿ ಹಿಡಿದು ಬಾಗಿಲ ಅಂಚಿನಲ್ಲಿ ಕೂತು ಕಾಲನ್ನು ಒಳಗೆ ಇಳಿಬಿಟ್ಟಳು. ಮೊಣಕಾಲು ಹೋಯಿತು. ತೊಡೆ ಹೋಯಿತು. ಸೊಂಟ ಅಂಚಿಗೂ ತಾಗದೆ ಜಾರಿತು. ಅಷ್ಟು ಚೆನ್ನಾಗಿ ಹಿಡಿಸುವ ಮೈ ಆ ತೋಟದಲ್ಲಿ ಎಂದೂ ಹುಟ್ಟಿರಲಿಲ್ಲ.

"ಬತ್ತಿ!"

ಯಜಮಾನಿ ಕಿರುಚಿದಳು. ಓಡಿಹೋಗಿ ಸೊಸೆಯ ತೋಳನ್ನು ಎರಡು ಕೈಯಲ್ಲಿ ಹಿಡಿದಳು.

"ಮೇಸ್ತ್ರೀ, ಬತ್ತಿ ಇಳಿಸೋ! ಮೊದಲು ಬತ್ತಿ ಇಳಿಸು!"

ಚಿಕ್ಕ ಯಜಮಾನ ವಾಸನೆಯ ಮಾತಾಡಲಿಲ್ಲ. ಹೆಂಡತಿಯನ್ನು ಹೊರಗೆ ಎಳೆದು, ಗೂಡಿನ ಡಬ್ಬಕ್ಕೆ ತಾನೇ ಕೈ ಹಾಕಿದ. ದೂಳು ಊದಿದ. ಜೇಬಿನಿಂದ ಲೈಟರ್ ತೆಗೆದು ಹಚ್ಚಿದ. ಎರಡು ಸಲ ಹಚ್ಚಬೇಕಾಯಿತು. ತಂತಿ ಹಿಡಿದು ಡಬ್ಬವನ್ನು ಬಾಗಿಲೊಳಗೆ ಬಿಟ್ಟ. ಎಲ್ಲರೂ ಬಗ್ಗಿ ನೋಡಿದರು. ಉರಿ ಬಾಗಿಲ ಮಟ್ಟದಲ್ಲಿ ನೆಟ್ಟಗಿತ್ತು. ಒಂದು ಮೊಳ ಇಳಿಯಿತು, ಸಣ್ಣಗಾಯಿತು. ಇನ್ನೂ ಸ್ವಲ್ಪ ಇಳಿಯಿತು, ಸತ್ತಿತು.

ಮೇಲೆ ಎಳೆದು ಮತ್ತೆ ಹಚ್ಚಿ ಇಳಿಸಿದ. ಮತ್ತೆ ಸತ್ತಿತು.

ಬೋಳುತಲೆಯವನು ತನ್ನ ಗ್ಲಾಸನ್ನು ತೊಟ್ಟಿಯ ಮೇಲಿಟ್ಟು ಅಂಗಿಗೆ ಕೈ ಒರೆಸಿಕೊಂಡ. ಸೊಸೆ ಬರಿಗಾಲಲ್ಲಿ ನಿಂತು ಬಾಗಿಲನ್ನೇ ನೋಡುತ್ತಿದ್ದಳು, ಅತ್ತೆ ಅವಳ ತೋಳನ್ನು ಇನ್ನೂ ಬಿಟ್ಟಿರಲಿಲ್ಲ. ಬತ್ತಿಯ ಹೊಗೆ ಮೆಲ್ಲಗೆ ಮೇಲೆದ್ದು ನೆಲಮಾಳಿಗೆ ತುಂಬ ಮೇಣದ ವಾಸನೆ ಹರಡಿತು.

ಕಡ್ಡಿ ಮುಂದೆ ಬಂದು ಚಿಕ್ಕ ಯಜಮಾನನ ಕೈಯಿಂದ ಡಬ್ಬ ತೆಗೆದುಕೊಂಡಳು.

"ಹೋದ ವರ್ಷ ನನ್ನ ತಂಗಿ ಇಳಿದಾಗ ಇದರ ವಾಸನೆ ವೈನಿಗೆ ಹತ್ತುತ್ತೆ ಅಂದ್ರಿ. ಈಗ ಹತ್ತಲ್ವಾ?"

ಅವನು ತಾಯಿಯ ಕಡೆ ನೋಡಿದ. ಅದು ಬೇರೆ ವಿಷಯ, ಆಮೇಲೆ ಮಾತಾಡೋಣ ಎಂದೇನೋ ಗೊಣಗಿದ. ಅತಿಥಿಗಳಲ್ಲಿ ಒಬ್ಬಳು ಯಾವ ತಂಗಿ ಎಂದು ಪಕ್ಕದವನನ್ನು ಪಿಸುಗುಟ್ಟಿ ಕೇಳಿದಳು. ನಿಮ್ಮ ಕೈಯಲ್ಲಿರೋ ವೈನಿಗೆ ಇಳಿದು ಸತ್ತ ತಂಗಿ ಎಂದು ಗುಬ್ಬಿ ಹಿಂದಿನಿಂದ ಹೇಳಿದಳು. ಆಡಿಸಿ ಬೆಳೆಸಿದ ಚಿಕ್ಕಮ್ಮನ ನಾಲಿಗೆ ಅವಳಿಗೆ ಬಂದಿತ್ತು.

ಕಡ್ಡಿ ಡಬ್ಬವನ್ನು ಗೂಡಿನಲ್ಲಿಟ್ಟು ಮೇಸ್ತ್ರಿಯ ಮುಂದೆ ಹೋಗಿ ನಿಂತು ಕೈ ಚಾಚಿದಳು. ಮೇಸ್ತ್ರಿ ಅವಳನ್ನು ನೋಡಿದ. ಮೂಲೆಗೆ ಹೋದ. ದೊಡ್ಡ ಸುತ್ತಿಗೆ ಎತ್ತಿ ತಂದು ಅವಳ ಕೈಗೆ ಕೊಟ್ಟು, ಯಜಮಾನಿಗೆ ಬೆನ್ನು ತಿರುಗಿಸಿ ನಿಂತ.

ಮೂಳೆ ಮೂಳೆಯಾಗಿದ್ದ ಆ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ. ಮೊದಲ ಏಟಿಗೆ ಸಿಮೆಂಟು ಬಿರಿಯಿತು. ಮಾವನವರು ಕಟ್ಟಿಸಿದ್ದು ಎಂದು ಯಜಮಾನಿ ಈ ಸಲವೂ ಕೂಗಿದಳು. ಸಾಲುಮನೆಯ ಹೆಂಗಸರು ಬುಟ್ಟಿ ನೆಲಕ್ಕಿಟ್ಟು ಅವಳಿಗೂ ಬಾಗಿಲಿಗೂ ನಡುವೆ ಬಂದು ನಿಂತರು. ಕಡ್ಡಿ ಹೊಡೆದಳು. ಕಬ್ಬಿಣದ ಚೌಕಟ್ಟು ಬಾಗಿತು. ಅಂಚು ಚೂರು ಚೂರಾಗಿ ಗಸಿಯೊಳಗೆ ಬಿತ್ತು. ಬಾಟಲಿಯ ಮೇಲಿನ ಚಿತ್ರ, ಮೂರು ತಲೆಮಾರು, ಮನೆತನ, ಎಲ್ಲ ಉದುರಿ ಬಿತ್ತು. ಕುರಿ ನುಸುಳಲಾರದಿದ್ದ ಕಿಂಡಿಯಲ್ಲಿ ಈಗ ಎತ್ತು ತೂರಬಹುದಿತ್ತು.

ಸುತ್ತಿಗೆಯನ್ನು ನೆಲಕ್ಕೆ ಊರಿ ಕಡ್ಡಿ ಬೆವರು ಒರೆಸಿಕೊಂಡಳು. ಯಜಮಾನಿಯನ್ನು, ಅವಳ ಮಗನನ್ನು, ಗ್ಲಾಸು ಹಿಡಿದು ನಿಂತ ಅಷ್ಟೂ ಜನರನ್ನು ಒಂದು ಸುತ್ತು ನೋಡಿದಳು.

"ಈಗ ಎಲ್ಲರ ಮೈಯೂ ಹಿಡಿಸುತ್ತೆ," ಅಂದಳು. "ಯಾರು ಇಳೀತೀರಿ?"